42ರಲ್ಲಿ 68 ಕೆ.ಜಿ., 54ರಲ್ಲಿ 75: ಓಟ ತಗ್ಗಿಸಿದ್ದು ವಯಸ್ಸೋ, ತೂಕವೋ?

ಹಳೇಬೂಟು

ಮೊನ್ನೆ ಕಪಾಟು ಒರೆಸುವಾಗ ಹಳೆಯ ಓಟದ ಡೈರಿ ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು. 42ನೇ ವಯಸ್ಸಿನಲ್ಲಿ 10 ಕಿ.ಮೀ. ಓಡಿದ್ದು 46 ನಿಮಿಷಕ್ಕೆ, ಆಗಿನ ತೂಕ 68 ಕೆ.ಜಿ. ಹೋದ ತಿಂಗಳು ಅದೇ ದೂರಕ್ಕೆ 54 ನಿಮಿಷ 10 ಸೆಕೆಂಡು, ತೂಕ 75. ನಡುವೆ ಹನ್ನೆರಡು ವರ್ಷ, ಏಳು ಕೆ.ಜಿ., ಎಂಟು ನಿಮಿಷ.

ನಾನೇನೂ ಓಟ ಬಿಟ್ಟವನಲ್ಲ. ವಾರಕ್ಕೆ ನಾಲ್ಕು ದಿನ, ಒಟ್ಟು 35ರಿಂದ 40 ಕಿ.ಮೀ. ಆಗಲೂ ಅಷ್ಟೇ, ಈಗಲೂ ಅಷ್ಟೇ. ಊಟವೂ ಹೆಚ್ಚಾಗಿಲ್ಲ (ಇದು ನನ್ನ ಹೇಳಿಕೆ, ಮನೆಯವರದ್ದಲ್ಲ). ಆದರೂ ವರ್ಷಕ್ಕೆ ಅರ್ಧ ಕೆ.ಜಿ. ಚಿಲ್ಲರೆ ಕಳ್ಳನ ಹಾಗೆ ಒಳಗೆ ಬಂದು ಕೂತಿದೆ.

ಆ ಎಂಟು ನಿಮಿಷದಲ್ಲಿ ವಯಸ್ಸಿನ ಪಾಲೆಷ್ಟು, ತೂಕದ ಪಾಲೆಷ್ಟು? ವಯಸ್ಸು ತಿಂದದ್ದನ್ನು ವಾಪಸ್ ಕೇಳುವ ಹಾಗಿಲ್ಲ. ತೂಕ ತಿಂದದ್ದನ್ನಾದರೂ ಕೇಳಬಹುದಲ್ಲ? ಏಳಕ್ಕೆ ಏಳೂ ಕೆ.ಜಿ. ಇಳಿಸಿದರೆ ಎಷ್ಟು ನಿಮಿಷ ಮರಳಿ ಬಂದೀತು?

ಗಾಳಿಪಟ

ಇದರಲ್ಲಿ ಚರ್ಚೆ ಮಾಡೋಕೆ ಏನಿದೆ ಸರ್? ಇಳಿಸಿ, ಅಷ್ಟೇ. ನನಗೆ 27, ತೂಕ 57, 5 ಕಿ.ಮೀ. 19:30. ಕೀನ್ಯಾದ ಮ್ಯಾರಥಾನ್ ಓಟಗಾರ ಕಿಪ್ಚೋಗೆ ಸುಮಾರು 52 ಕೆ.ಜಿ. ಇರಬಹುದು. ಗೆಲ್ಲೋರ ಗುಂಪಲ್ಲಿ ಹೊಟ್ಟೆ ಇರೋ ಒಬ್ಬರನ್ನು ತೋರಿಸಿ ನೋಡೋಣ. ಏಳು ಕೆ.ಜಿ. ಬ್ಯಾಗ್ ಹಾಕ್ಕೊಂಡು ಒಂದ್ಸಲ ಓಡಿ, ತೆಗೆದು ಇನ್ನೊಂದ್ಸಲ ಓಡಿ. ಉತ್ತರ ತಾನಾಗೇ ಸಿಗತ್ತೆ.

ತೊಂಬತ್ತೆರಡು

ಬಂದ್ರಪ್ಪ ಗಾಳೀಲಿ ಹಾರೋರು. ತಮ್ಮಾ, ನನ್ನ ತೂಕ ನನ್ನ ಹೆಸರಲ್ಲೇ ಇದೆ. ಎತ್ತರ ಆರಡಿ ಒಂದಿಂಚು, ವಯಸ್ಸು 47. ನಿನ್ನ 57 ಕೆ.ಜಿ.ಗೆ ಬರಬೇಕಾದ್ರೆ ನಾನು ಒಂದು ಕಾಲು ಮನೇಲಿ ಬಿಟ್ಟು ಬರಬೇಕು. ಆನೆಗೆ ಆನೆ ಭಾರ, ಇರುವೆಗೆ ಇರುವೆ ಭಾರ.

ಲೆಕ್ಕದಮೇಷ್ಟ್ರು

ಗಾಳಿಪಟ ಬಾಯಿಗೆ ಬಂದಂತೆ ಹೇಳಿದ ಬ್ಯಾಗಿನ ಪ್ರಯೋಗ ನಿಜವಾಗಿಯೂ ನಡೆದಿದೆ. 1970ರ ದಶಕದ ಕೊನೆಯಲ್ಲಿ ಕ್ಯೂರ್ಟನ್ ಮತ್ತು ಸಂಗಡಿಗರು ಓಟಗಾರರ ಮೈಗೆ ಅವರವರ ತೂಕದ ಶೇ. 5, 10, 15ರಷ್ಟು ಹೆಚ್ಚುವರಿ ಭಾರ ಕಟ್ಟಿ ಓಡಿಸಿದರು. ಪ್ರತಿ ಶೇ. 5 ಭಾರಕ್ಕೆ 12 ನಿಮಿಷದ ಓಟದಲ್ಲಿ ಸರಾಸರಿ 89 ಮೀಟರ್ ಖೋತಾ. ಹಳೇಬೂಟು ಅವರ ಮಟ್ಟದವರು 12 ನಿಮಿಷಕ್ಕೆ 2,600 ಮೀಟರ್ ಆಸುಪಾಸು ಓಡುತ್ತಾರೆ ಎಂದಿಟ್ಟುಕೊಳ್ಳಿ. 89 ಮೀಟರ್ ಎಂದರೆ ಶೇ. 3.4.

ಈಗ ಅವರ ಲೆಕ್ಕಕ್ಕೆ ಬರೋಣ. ಮೊದಲು ವಯಸ್ಸಿನ ಪಾಲು ಕಳೆಯಬೇಕು. ಮಾಸ್ಟರ್ಸ್, ಅಂದರೆ ಹಿರಿಯ ವಯಸ್ಸಿನ ಓಟಗಾರರಿಗಾಗಿ ಮಾಡಿರುವ ವಯಸ್ಸಿನ ಕೋಷ್ಟಕ ನೋಡಿದರೆ ನಲವತ್ತರಿಂದ ಐವತ್ತೈದರ ನಡುವೆ ಇಳಿಕೆ ವರ್ಷಕ್ಕೆ ಮುಕ್ಕಾಲು ಶೇಕಡಾದಷ್ಟು. ಹನ್ನೆರಡು ವರ್ಷಕ್ಕೆ ಶೇ. 9. 46 ನಿಮಿಷಕ್ಕೆ ಅದನ್ನು ಸೇರಿಸಿದರೆ 50 ನಿಮಿಷ 8 ಸೆಕೆಂಡು. ಅಂದರೆ ಒಂದು ಗ್ರಾಂ ಕೂಡ ಏರದೆ ಇದ್ದಿದ್ದರೂ ನಾಲ್ಕು ನಿಮಿಷ ಹೋಗುತ್ತಿತ್ತು. ಆ ಕೋಷ್ಟಕ ಮಾಡಿದ್ದು ಆಯಾ ವಯಸ್ಸಿನ ಅತಿ ವೇಗದ ಓಟಗಾರರ ಸಮಯಗಳನ್ನು ಇಟ್ಟುಕೊಂಡು. ಅವರು ಹೆಚ್ಚಿನವರು ತೆಳ್ಳಗೇ ಉಳಿದವರು. ಹಾಗಾಗಿ ತೂಕದ ಪೆಟ್ಟು ಆ ಶೇ. 9ರಲ್ಲಿ ಅಷ್ಟಾಗಿ ಸೇರಿಲ್ಲ, ಬೇರೆಯೇ ಕೂಡಿಸಬೇಕು.

68ರ ಮೇಲೆ ಏಳು ಕೆ.ಜಿ. ಎಂದರೆ ಶೇ. 10ಕ್ಕೆ ಕೂದಲೆಳೆ ಹೆಚ್ಚು. ಕ್ಯೂರ್ಟನ್ ಲೆಕ್ಕದಲ್ಲಿ ಸುಮಾರು ಶೇ. 7, ಅಂದರೆ ಮೂರೂವರೆ ನಿಮಿಷ. ಓಟಗಾರರ ಬಾಯಲ್ಲಿ ಓಡಾಡುವ ಇನ್ನೊಂದು ಸೂತ್ರ ಇದೆ, ಒಂದು ಪೌಂಡಿಗೆ ಮೈಲಿಗೆ ಎರಡು ಸೆಕೆಂಡು. ನಮ್ಮ ಅಳತೆಗೆ ತಂದರೆ ಒಂದು ಕೆ.ಜಿ.ಗೆ ಕಿಲೋಮೀಟರಿಗೆ 2.7 ಸೆಕೆಂಡು. ಏಳು ಕೆ.ಜಿ., ಹತ್ತು ಕಿ.ಮೀ.: ಮೂರು ನಿಮಿಷ ಹತ್ತು ಸೆಕೆಂಡು. ಎರಡು ದಾರಿಯಲ್ಲಿ ಹೋದರೂ ಒಂದೇ ಊರು ತಲುಪುತ್ತೇವೆ.

ಒಟ್ಟು: ವಯಸ್ಸಿಗೆ ನಾಲ್ಕು, ತೂಕಕ್ಕೆ ಮೂರು ಮೂರೂವರೆ, ಉಳಿದ ಅರ್ಧ ಮುಕ್ಕಾಲು ನಿಮಿಷ ಬೇರೆ ಯಾವುದಕ್ಕೋ. ಯಾವುದಕ್ಕೆ ಎಂದು ಹಳೇಬೂಟು ಅವರೇ ಹೇಳಬೇಕು. ದೂರ ಅಷ್ಟೇ ಎಂದಿರಿ. ವೇಗದ ಓಟಗಳು?

ಹಳೇಬೂಟು

ಸಿಕ್ಕಿಬಿದ್ದೆ ಮೇಷ್ಟ್ರೇ. ಡೈರಿಯಲ್ಲಿ ಪ್ರತಿ ಬುಧವಾರ ಇಂಟರ್ವಲ್ ಇದೆ, ಸ್ವಲ್ಪ ಬಿರುಸು ಸ್ವಲ್ಪ ನಿಧಾನ ಎಂದು ಬದಲಿಸುತ್ತಾ ಓಡುವುದು. ಈಗ ಬುಧವಾರವೂ ಭಾನುವಾರವೂ ಒಂದೇ ಪೇಸ್. ಮಾತಾಡಿಕೊಂಡು ಓಡುವ ಪೇಸ್.

ಆದರೂ ಮೂರು ನಿಮಿಷ ತೂಕದ್ದೇ ಎಂದ ಮೇಲೆ ನನಗೆ ದಾರಿ ಸ್ಪಷ್ಟ. ನಾಳೆಯಿಂದ ರಾತ್ರಿ ಊಟ ಬಂದ್. ಮೂರು ತಿಂಗಳಲ್ಲಿ 68.

ಮಂಡಿಚಿಪ್ಪು

ನಿಲ್ಲಿ ಮಾರಾಯ್ರೆ, ನಿಲ್ಲಿ. ನಾನು ಫಿಸಿಯೋ. "ನಾಳೆಯಿಂದ ರಾತ್ರಿ ಊಟ ಬಂದ್" ಅಂದವರೇ ಮೂರು ತಿಂಗಳಿಗೆ ನನ್ನ ಬೆಂಚಿನ ಮೇಲೆ ಮಲಗುವುದು.

ಮೇಷ್ಟ್ರ ಲೆಕ್ಕ ಸರಿಯೇ. ಆದರೆ ಅದರಲ್ಲಿ ಒಂದು ಊಹೆ ಅಡಗಿದೆ: 68 ಕೆ.ಜಿ.ಯ ಹಳೆಯ ದೇಹ ಹಾಗೇ ಇದ್ದು ಅದರ ಮೇಲೆ ಏಳು ಕೆ.ಜಿ. ಬ್ಯಾಗು ಕೂತಿದೆ ಅಂತ. ಹಾಗೆ ಆಗುವುದಿಲ್ಲ. ಮೂವತ್ತು ದಾಟಿದ ಮೇಲೆ ಸ್ನಾಯು ದಶಕಕ್ಕೆ ಶೇ. 3ರಿಂದ 8ರಷ್ಟು ಕರಗುತ್ತದೆ, ಅರವತ್ತರ ಮೇಲೆ ಇನ್ನೂ ಬೇಗ. ಇದಕ್ಕೆ ಸಾರ್ಕೋಪೀನಿಯಾ ಅಂತ ಒಂದು ಹೆಸರು ಇಟ್ಟಿದ್ದೇ 1989ರಲ್ಲಿ. ನೋಡಿ, ಅಷ್ಟು ಕಾಲ ಇದು ಹೆಸರೂ ಇಲ್ಲದ ಕಾಯಿಲೆ. ಓಡುವವರಿಗೆ ನಷ್ಟ ಕಡಿಮೆ, ಆದರೆ ಬರೀ ಓಟ ಅದನ್ನು ಪೂರ್ತಿ ತಡೆಯುವುದಿಲ್ಲ. ಅದೂ ಒಂದೇ ಪೇಸಿನಲ್ಲಿ ಓಡುವವರಲ್ಲಿ ಬೇಗ ಸಂಕೋಚಿಸುವ ಎಳೆಗಳು, ಚಿಮ್ಮುವುದಕ್ಕೆ ಬೇಕಾದ ಎಳೆಗಳು, ಮೊದಲು ಸಣ್ಣಗಾಗುತ್ತವೆ.

ಹಾಗಾಗಿ ನಿಮ್ಮ ಲೆಕ್ಕ 68 + 7 ಅಲ್ಲ. 68ರಿಂದ ಎರಡು ಕೆ.ಜಿ. ಸ್ನಾಯು ಹೋಗಿ ಒಂಬತ್ತು ಕೆ.ಜಿ. ಕೊಬ್ಬು ಬಂದಿದ್ದರೂ ತಕ್ಕಡಿ ತೋರಿಸುವುದು 75 ಅಂತಲೇ. ಹೊರುವವನು ಸಣ್ಣಗಾದ, ಹೊರೆ ದೊಡ್ಡದಾಯ್ತು. ತಕ್ಕಡಿಗೆ ಕೂಡುವುದು ಕಳೆಯುವುದು ಎರಡೂ ಗೊತ್ತು, ಆದರೆ ಅದು ನಿಮಗೆ ಹೇಳುವುದು ಬಾಕಿ ಮಾತ್ರ.

ಈಗ ನೀವು ಹಸಿದುಕೊಂಡು ಏಳು ಕೆ.ಜಿ. ಇಳಿಸಿದಿರಿ ಅಂತ ಇಟ್ಟುಕೊಳ್ಳಿ. ಸುಮ್ಮನೆ ಊಟ ಕಡಿಮೆ ಮಾಡಿ ಇಳಿಸಿದರೆ ಹೋದ ತೂಕದಲ್ಲಿ ಕಾಲುಭಾಗ ಕೊಬ್ಬಲ್ಲದ್ದು, ಅದರಲ್ಲಿ ಸ್ನಾಯುವೂ ಸೇರಿ. 68 ಬಂತು, ಹೌದು. ಆದರೆ ಅದು 42ರ 68 ಅಲ್ಲ.

ಗಾಳಿಪಟ

ಆದ್ರೆ ವಿಒ2 ಮ್ಯಾಕ್ಸ್, ಅದೇ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕ, ಅದನ್ನ ಲೆಕ್ಕ ಹಾಕೋದೇ ಕೆ.ಜಿ.ಯಿಂದ ಭಾಗಿಸಿ ಅಲ್ವಾ? ತೂಕ ಇಳಿದ್ರೆ ಅದು ಏರಲೇಬೇಕಲ್ಲ?

ಲೆಕ್ಕದಮೇಷ್ಟ್ರು

ಭಾಗಾಕಾರದಲ್ಲಿ ಭಾಜ್ಯವೂ ಒಂದಿರುತ್ತದೆ, ಭಾಜಕ ಮಾತ್ರವಲ್ಲ. ಒಬ್ಬರ ದೇಹ ನಿಮಿಷಕ್ಕೆ ಗರಿಷ್ಠ 3.2 ಲೀಟರ್ ಆಮ್ಲಜನಕ ಬಳಸುತ್ತದೆ ಎನ್ನಿ. 68 ಕೆ.ಜಿ. ಇದ್ದಾಗ ಅದು ಕೆ.ಜಿ.ಗೆ 47 ಮಿಲಿಲೀಟರ್. 75 ಆದಾಗ, ಹೃದಯ ಶ್ವಾಸಕೋಶ ಕೂದಲಷ್ಟೂ ಬದಲಾಗದೆ, 42.7. ಇದು ನಿಮ್ಮ ಮಾತಿಗೆ ಪುಷ್ಟಿ. ಆದರೆ ಆ 3.2 ಲೀಟರ್ ಕೂಡ ನಿಂತ ನೀರಲ್ಲ. ಗರಿಷ್ಠ ಹೃದಯಬಡಿತ ವಯಸ್ಸಿನ ಜೊತೆ ಇಳಿಯುತ್ತದೆ. 208ರಿಂದ ವಯಸ್ಸಿನ 0.7 ಪಾಲು ಕಳೆಯಿರಿ ಎನ್ನುವ ಸೂತ್ರದಲ್ಲಿ 42ಕ್ಕೆ 179, 54ಕ್ಕೆ 170. ಆಮ್ಲಜನಕ ಸುಡುವ ಸ್ನಾಯುವೂ ಕಡಿಮೆಯಾದರೆ ಭಾಜ್ಯ ಇನ್ನಷ್ಟು ಇಳಿಯಿತು. ಕೆಳಗಿನ ಸಂಖ್ಯೆ ಇಳಿಸುವ ಭರದಲ್ಲಿ ಮೇಲಿನದನ್ನೂ ಇಳಿಸಿದರೆ ಉತ್ತರ ಇದ್ದಲ್ಲೇ ಇರುತ್ತದೆ. ಜೊತೆಗೆ ಹಸಿವು ಉಚಿತ.

ಓಡದೆ ಕೂತವರಿಗೆ ಈ ವಿಒ2 ಮ್ಯಾಕ್ಸ್ ದಶಕಕ್ಕೆ ಶೇ. 10ರಷ್ಟು ಇಳಿಯುತ್ತದೆ. ಬಿರುಸಿನ ಅಭ್ಯಾಸ ಬಿಡದವರಿಗೆ ಅದರ ಅರ್ಧಕ್ಕೂ ಇಳಿಸಿಕೊಳ್ಳಲು ಸಾಧ್ಯ. ಬಿರುಸಿನ ಎನ್ನುವ ಪದದ ಕೆಳಗೆ ಗೆರೆ ಎಳೆದುಕೊಳ್ಳಿ, ಹಳೇಬೂಟು ಅವರೇ.

ಬಿಸಿಲುಕುದುರೆ

ಮಂಡಿಚಿಪ್ಪು ಅವರು ಹೇಳಿದ್ದಕ್ಕೆ ನಾನೇ ಸಾಕ್ಷಿ. ವಯಸ್ಸು 61, ಓಡಲು ಶುರು ಮಾಡಿದ್ದು 44ಕ್ಕೆ.

ಮುಟ್ಟು ನಿಂತ ಮೇಲಿನ ವರ್ಷಗಳಲ್ಲಿ ತೂಕ 58ರಿಂದ 63ಕ್ಕೆ ಹೋಯಿತು. ಹೋಗಿದ್ದು ತೊಡೆಗಲ್ಲ, ನೇರ ಹೊಟ್ಟೆಗೆ. ಈಸ್ಟ್ರೋಜನ್ ಇಳಿದಾಗ ಕೊಬ್ಬು ಜಾಗ ಬದಲಾಯಿಸುತ್ತದೆ ಎಂದು ಆಗ ಯಾರೂ ನನಗೆ ಹೇಳಿರಲಿಲ್ಲ. ನಾನು ನನ್ನ ಬಾಯಿಚಪಲಕ್ಕೆ ಬೈದುಕೊಂಡೆ. ಆಗ ಇದ್ದ ಕೋಚ್ ಬೇರೆ, "ಇಳಿಸಿದರೆ ಓಟ ತಾನಾಗಿ ಬರುತ್ತದೆ" ಎನ್ನುವವರು. ನಾಲ್ಕು ತಿಂಗಳಲ್ಲಿ ಏಳು ಕೆ.ಜಿ. ಇಳಿಸಿ 56ಕ್ಕೆ ಬಂದೆ.

ಮೊದಲ ಎರಡು ತಿಂಗಳು ಹಬ್ಬ. 10 ಕಿ.ಮೀ. 58 ನಿಮಿಷದಿಂದ 55:30ಕ್ಕೆ ಬಂತು. ನೋಡಿದವರೆಲ್ಲ "ಏನ್ ಮೇಡಂ, ಹತ್ತು ವರ್ಷ ಚಿಕ್ಕವರಾದ್ರಿ" ಎಂದರು. ಕೋಚ್ ಇನ್ನೂ ಎರಡು ಕೆ.ಜಿ. ಇಳಿಸಿ ಎಂದರು. ಮೂರನೇ ತಿಂಗಳಿಂದ ರಾತ್ರಿ ನಿದ್ದೆ ಹೋಯಿತು. ಏರು ಬಂದರೆ ಕಾಲಲ್ಲಿ ಏನೂ ಇಲ್ಲ, ಬಟ್ಟೆ ಒಣಗಿಸುವ ಹಗ್ಗದ ಮೇಲೆ ಓಡುತ್ತಿದ್ದೇನೆ ಅನ್ನಿಸುತ್ತಿತ್ತು. 10 ಕಿ.ಮೀ. 59ಕ್ಕೆ ಜಾರಿತು. ಐದನೇ ತಿಂಗಳು ಮೊಣಕಾಲ ಕೆಳಗಿನ ಮೂಳೆಯಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್, ಪದೇಪದೇ ಬಿದ್ದ ಒತ್ತಡಕ್ಕೆ ಬಂದ ಸಣ್ಣ ಬಿರುಕು. ಡೆಕ್ಸಾ ಸ್ಕ್ಯಾನ್ ಮಾಡಿಸಿದಾಗ ಮೂಳೆಯ ಸಾಂದ್ರತೆಯೂ ಕಡಿಮೆ. ಮುಟ್ಟು ನಿಂತ ಮೊದಲ ವರ್ಷಗಳಲ್ಲೇ ಮೂಳೆ ಅತಿ ಬೇಗ ಸವೆಯುವುದು. ಅದೇ ಹೊತ್ತಿಗೆ ನಾನು ಅದಕ್ಕೆ ಉಪವಾಸವನ್ನೂ ಕಟ್ಟಿದ್ದೆ.

ಓಡುವಷ್ಟು ತಿನ್ನದೆ ಇದ್ದರೆ ದೇಹ ಮೂಳೆ, ಹಾರ್ಮೋನು, ರೋಗನಿರೋಧಕ ಶಕ್ತಿ ಎಲ್ಲದರ ಖರ್ಚು ಕಡಿತ ಮಾಡುತ್ತದೆ. ಇದಕ್ಕೆ ಒಲಿಂಪಿಕ್ ಸಮಿತಿಯವರು 2014ರಲ್ಲಿ ರೆಡ್-ಎಸ್ ಎಂದು ಹೆಸರು ಕೊಟ್ಟರು. ಹದಿಹರೆಯದ ಹುಡುಗಿಯರ ಸಮಸ್ಯೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. 57ರ ಹೆಂಗಸಿಗೂ ಬರುತ್ತದೆ, ಅವಳ ವಿಷಯದಲ್ಲಿ ಮುಟ್ಟು ತಪ್ಪುವ ಎಚ್ಚರಿಕೆಯ ಗಂಟೆಯೂ ಇರುವುದಿಲ್ಲ.

ಈಗ ನನ್ನ ತೂಕ 60. ವಾರಕ್ಕೆ ಎರಡು ದಿನ ಭಾರ ಎತ್ತುತ್ತೇನೆ, ನಿಜವಾದ ಭಾರ, ಗುಲಾಬಿ ಬಣ್ಣದ ಡಂಬೆಲ್ ಅಲ್ಲ. ಹೋದ ಸಲ 56:40. ನಾಲ್ಕು ಕೆ.ಜಿ. ಹೆಚ್ಚಾಗಿ, ನಾಲ್ಕು ವರ್ಷ ಹೆಚ್ಚಾಗಿ, ಆ 59ಕ್ಕಿಂತ ಎರಡು ನಿಮಿಷದ ಮೇಲೆ ಬೇಗ. ನಿಮ್ಮ ಸೂತ್ರದಲ್ಲಿ ಇದು ಎಲ್ಲಿ ಕೂರುತ್ತದೆ ಮೇಷ್ಟ್ರೇ?

ಲೆಕ್ಕದಮೇಷ್ಟ್ರು

ಕೂರುವುದಿಲ್ಲ ಮೇಡಂ. ಸೂತ್ರ ಕಟ್ಟಿದ ಭಾರದ ಬಗ್ಗೆ. ನೀವು ಹೇಳಿದ್ದು ಕಳೆದುಕೊಂಡ ಕಾಲಿನ ಬಗ್ಗೆ. ನನ್ನ ಮೊದಲ ಪೋಸ್ಟಿನ ಆತ್ಮವಿಶ್ವಾಸವನ್ನು ಸ್ವಲ್ಪ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಉಸಿರು

ನಮಸ್ಕಾರ್ರೀ ಎಲ್ಲಾರಿಗೂ. ನಾ ಗುಡ್ಡದ ಓಟದಾಂವ. ಬಯಲಿನ್ಯಾಗ ತೂಕದ ಆಟ ಅಷ್ಟು ಗೊತ್ತಾಗಂಗಿಲ್ರೀ, ಏರಿನ್ಯಾಗ ಗೊತ್ತಾಗ್ತೈತಿ. ಒಂದೊಂದು ಕೆ.ಜಿ.ನೂ ನೆಲದಿಂದ ಮ್ಯಾಲಕ ಎತ್ತಬೇಕಲ್ಲ, ಅಲ್ಲಿ ರಿಯಾಯಿತಿ ಇಲ್ಲ. ಆದ್ರ ಬಿಸಿಲುಕುದುರೆ ಅವ್ವಾರು ಹೇಳಿದ್ದು ಖರೇ, ಏರಿನ್ಯಾಗ ತೊಡಿ ಮೀನಖಂಡ ಇಲ್ಲದಾಂವ ಎಷ್ಟು ಹಗುರ ಇದ್ರೂ ಅಷ್ಟ. ನಮ್ಮ ಗುಂಪಿನ್ಯಾಗ ಅರವತ್ತು ದಾಟಿದವ್ರನ್ನ ನೋಡ್ತೀನಿ, ಕಾಲು ಹಾಕೂ ಲೆಕ್ಕ ಕಡಿಮಿ ಆಗಿರಂಗಿಲ್ಲ, ಹೆಜ್ಜಿ ಗಿಡ್ಡ ಆಗಿರ್ತೈತಿ. ಮೀನಖಂಡ ಒದೆಯೂದು ಕಡಿಮಿ ಆಗಿರ್ತೈತಿ.

ಇನ್ನೊಂದು ಮಾತ್ರೀ. ತೂಕ ಎಲ್ಲಿ ಐತಿ ಅನ್ನೂದೂ ಮುಖ್ಯ. ಬೂಟಿನ್ಯಾಗ 100 ಗ್ರಾಂ ಹೆಚ್ಚಾದ್ರ ಶೇ. 1ರಷ್ಟು ಶಕ್ತಿ ಹೆಚ್ಚು ಬೇಕಾಗ್ತೈತಿ. 70 ಕೆ.ಜಿ. ಮನುಷ್ಯಾಗ ಶೇ. 1 ಅಂದ್ರ ಸೊಂಟದಾಗ 700 ಗ್ರಾಂ ಇದ್ದಂಗ. ಕಾಲಾಗಿನ ಭಾರ ಪ್ರತಿ ಹೆಜ್ಜಿಗೂ ಬೀಸಿ ಎಸಿಬೇಕಾಗ್ತೈತಿ ನೋಡ್ರಿ. ಹಳೇಬೂಟು ಸರ, ಹೆಸರಿಗೆ ತಕ್ಕಂಗ ಹಳೇ ಬೂಟ ಹಾಕ್ತಿದ್ರ ಮೊದಲ ಅದನ್ನ ತೂಗ್ರಿ!

ಹಳೇಬೂಟು

ತೂಗಿದೆ. ಒಂದೊಂದು 340 ಗ್ರಾಂ. ಇನ್ನು ಆ ಮಾತು ಬೇಡ.

ಮಂಡಿಚಿಪ್ಪು ಅವರಿಗೆ ಒಂದು ಪ್ರಶ್ನೆ. ದೂರ ಅಷ್ಟೇ, ಊಟ ಅಷ್ಟೇ, ಆದರೂ ತೂಕ ಏರಿತು. ಮೆಟಬಾಲಿಸಂ ನಿಧಾನ ಆಗಿದ್ದಕ್ಕೇ ಅಲ್ಲವೇ?

ಮಂಡಿಚಿಪ್ಪು

ಅದನ್ನೇ ನಾನೂ ವರ್ಷಾನುಗಟ್ಟಲೆ ಜನರಿಗೆ ಹೇಳುತ್ತಿದ್ದೆ. 2021ರಲ್ಲಿ ಪಾಂಟ್ಜರ್ ತಂಡದ ಅಧ್ಯಯನ ಬಂತು, ಎಂಟು ದಿನದ ಕೂಸಿನಿಂದ 95ರ ಅಜ್ಜನವರೆಗೆ 6,400ಕ್ಕೂ ಹೆಚ್ಚು ಜನ. ದೇಹದ ಗಾತ್ರ ಮತ್ತು ಸ್ನಾಯುವಿನ ಪ್ರಮಾಣ ಸರಿಹೊಂದಿಸಿ ನೋಡಿದರೆ ಇಪ್ಪತ್ತರಿಂದ ಅರವತ್ತರವರೆಗೆ ದಹನ ಹೆಚ್ಚುಕಡಿಮೆ ಸಮ. ಅರವತ್ತರ ಮೇಲೆ ವರ್ಷಕ್ಕೆ ಶೇ. 0.7ರಷ್ಟು ಇಳಿಕೆ. ಹಾಗಾಗಿ 54ರಲ್ಲಿ ನಿಮಗೆ ಆ ನೆಪ ಇಲ್ಲ, ಕ್ಷಮಿಸಿ. ಸ್ನಾಯು ಹೋದಷ್ಟು ಖರ್ಚು ಇಳಿಯುತ್ತದೆ, ಅದು ಬೇರೆ ಮಾತು. ಉಳಿದ ಇಪ್ಪತ್ತಮೂರು ಗಂಟೆಯ ಓಡಾಟವೂ ಗೊತ್ತಾಗದಂತೆ ಕಡಿಮೆಯಾಗಿರುತ್ತದೆ. ಬೆಳಿಗ್ಗೆ ಓಡಿದ್ದೇನಲ್ಲ ಅಂತ ಮಧ್ಯಾಹ್ನ ಲಿಫ್ಟ್ ಹತ್ತುವವರು ಎಷ್ಟು ಜನ ಬೇಕು?

ಆದರೆ ದೂರ ಅಷ್ಟೇ ಇಟ್ಟರೂ ತೂಕ ಏರುವುದು ನಿಮ್ಮೊಬ್ಬರ ಕತೆಯಲ್ಲ. 1997ರಲ್ಲಿ ಪಾಲ್ ವಿಲಿಯಮ್ಸ್ ಸಾವಿರಾರು ಓಟಗಾರರ ಅಂಕಿಅಂಶ ಇಟ್ಟುಕೊಂಡು ಇದನ್ನೇ ತೋರಿಸಿದರು. ವಾರಕ್ಕೆ ಎಷ್ಟೇ ಓಡಲಿ, ಅದನ್ನು ಅಷ್ಟಕ್ಕೇ ಇಟ್ಟ ಗಂಡಸರು ನಡುವಯಸ್ಸಿನಲ್ಲಿ ದಪ್ಪಗಾಗುತ್ತಾ ಹೋದರು. ಏರಿಕೆ ತಡೆಯಲು ವಾರದ ದೂರವನ್ನು ವರ್ಷವರ್ಷ 2.2 ಕಿ.ಮೀ.ಯಷ್ಟು ಹೆಚ್ಚಿಸಬೇಕು ಅಂತ ಅವರ ಅಂದಾಜು.

ಹಳೇಬೂಟು

ಹನ್ನೆರಡು ವರ್ಷಕ್ಕೆ 26 ಕಿ.ಮೀ. ಅಂದರೆ ನಾನೀಗ ವಾರಕ್ಕೆ 65 ಓಡುತ್ತಿರಬೇಕಿತ್ತು. ಎಪ್ಪತ್ತಕ್ಕೆ ನೂರು. ಕೆಲಸ ಬಿಡಬೇಕಾಗುತ್ತದೆ.

ತೊಂಬತ್ತೆರಡು

ಎಂಬತ್ತಕ್ಕೆ ಮನೆಗೇ ಬರೋ ಹಾಗಿಲ್ಲ ಸರ್, ಓಡ್ತಾನೇ ಇರಬೇಕು.

ನಾನು ಇನ್ನೊಂದು ಕಡೆಯಿಂದ ಹೇಳ್ತೀನಿ. ದೊಡ್ಡ ಮೈಯವರಿಗೆ ಬಿಸಿಲು ದೊಡ್ಡ ಶತ್ರು. ಓಡುವಾಗ ಹುಟ್ಟೋ ಶಾಖ ತೂಕಕ್ಕೆ ತಕ್ಕಂತೆ, ಅದು ಹೊರಗೆ ಹೋಗೋದು ಚರ್ಮದ ವಿಸ್ತೀರ್ಣಕ್ಕೆ ತಕ್ಕಂತೆ. ತೂಕ ಎರಡರಷ್ಟಾದ್ರೆ ಚರ್ಮ ಎರಡರಷ್ಟಾಗಲ್ಲ. ತಂಪು ಬೆಳಿಗ್ಗೆ ನನ್ನ ಜೊತೇಲೇ ಇರೋ ಸಣ್ಣ ಮೈಯವರು ಬಿಸಿಲೇರಿದ ಮೇಲೆ ಕಾಣಿಸೋದೇ ಇಲ್ಲ. ನಾನು ಇದನ್ನ ಫಿಟ್‌ನೆಸ್ ಕಮ್ಮಿ ಅಂತ ಎಷ್ಟೋ ವರ್ಷ ಅಂದ್ಕೊಂಡಿದ್ದೆ. ವಯಸ್ಸಾದ ಮೇಲೆ ಬೆವರೋದೂ ಕಮ್ಮಿ ಆಗತ್ತೆ, ಎರಡೂ ಸೇರಿದ್ರೆ ಕತೆ ಮುಗೀತು.

ಅಮೆರಿಕದ ಕೆಲವು ಓಟಗಳಲ್ಲಿ ನನ್ನಂಥವರಿಗೆ ಬೇರೆ ವಿಭಾಗಾನೇ ಇದೆ, ಕ್ಲೈಡ್ಸ್‌ಡೇಲ್ ಅಂತ. ಗಾಡಿ ಎಳೆಯೋ ದೊಡ್ಡ ಜಾತಿ ಕುದುರೆ ಹೆಸರು. ಅವಮಾನ ಅಂತ ಕೆಲವರು ಹೇಳ್ತಾರೆ, ನನಗಂತೂ ಖುಷಿ. ವಯಸ್ಸಿಗೆ ರಿಯಾಯಿತಿ ಕೊಡೋರು ಮೂಳೆ ದಪ್ಪಕ್ಕೂ ಕೊಡ್ಲಿ.

ಗಾಳಿಪಟ

ವಯಸ್ಸು ಯಾರ ಕೈಲೂ ಇಲ್ಲ. ತೂಕ ನಮ್ಮ ಕೈಲಿದೆ. ಎರಡೂ ಒಂದೇನಾ?

ತೊಂಬತ್ತೆರಡು

ನನ್ನ ಎತ್ತರ ನನ್ನ ಕೈಲಿತ್ತಾ?

ಕೊನೆಯಸಾಲು

ನನಗೆ 72. ನಿಮ್ಮ ಜಗಳ ಓದುತ್ತಾ ನಗು ಬಂತು. ನೀವೆಲ್ಲ ತೂಕ ಇಳಿಸುವುದು ಹೇಗೆ ಎನ್ನುತ್ತಿದ್ದೀರಿ. ನಾನು ಉಳಿಸಿಕೊಳ್ಳುವುದು ಹೇಗೆ ಎಂದು ನೋಡುತ್ತಿದ್ದೇನೆ.

ಐವತ್ತರಲ್ಲಿ 66 ಇದ್ದೆ. ಅರವತ್ತೈದಕ್ಕೆ 64. ಆಮೇಲೆ ಏನೂ ಮಾಡದೆ 61, 60, 59. ಮೊದಮೊದಲು ಹೆಮ್ಮೆ. ಬೆಲ್ಟಿಗೆ ಹೊಸ ತೂತು ಹಾಕಿಸಿಕೊಂಡೆ. ಓಟ ಮಾತ್ರ ಪ್ರತಿ ವರ್ಷ ಕೆಡುತ್ತಿತ್ತು. ನೆಲದ ಮೇಲೆ ಕೂತವನು ಕೈ ಊರದೆ ಏಳಲು ಆಗದ ದಿನ ಅರ್ಥವಾಯಿತು, ಹೋಗುತ್ತಿರುವುದು ಹೊಟ್ಟೆಯಲ್ಲ, ತೊಡೆ ಎಂದು. ಒಂದು ಮಾತು ನೆನಪಿಟ್ಟುಕೊಳ್ಳಿ: ಪ್ರಯತ್ನವೇ ಇಲ್ಲದೆ ಆರು ತಿಂಗಳು ವರ್ಷದೊಳಗೆ ಶೇ. 5ರಷ್ಟು ತೂಕ ಹೋದರೆ, ನನ್ನ ವಯಸ್ಸಿನವರು ಸಂಭ್ರಮಪಡುವುದಲ್ಲ, ವೈದ್ಯರ ಬಳಿ ಹೋಗುವುದು. ನಾನು ಹೋದೆ. ದೊಡ್ಡದೇನೂ ಇರಲಿಲ್ಲ, ತಿನ್ನುವುದು ಸಾಲುತ್ತಿರಲಿಲ್ಲ ಅಷ್ಟೇ. ವಯಸ್ಸಾದವರ ಸ್ನಾಯು ಪ್ರೊಟೀನ್ ವಿಷಯದಲ್ಲಿ ಸ್ವಲ್ಪ ಕಿವುಡು. ಎಳೆಯರಿಗೆ ಮೆಲ್ಲಗೆ ಹೇಳಿದರೆ ಕೇಳುತ್ತದೆ, ನಮಗೆ ಜೋರಾಗಿ ಹೇಳಬೇಕು. ದಿನಕ್ಕೆ ಕೆ.ಜಿ. ತೂಕಕ್ಕೆ 1ರಿಂದ 1.2 ಗ್ರಾಂ, ಅದೂ ಒಂದೇ ಹೊತ್ತಿಗೆ ಸುರಿಯದೆ ಮೂರೂ ಹೊತ್ತಿಗೆ ಹಂಚಿ. ಮೂತ್ರಪಿಂಡದ ತೊಂದರೆ ಇರುವವರು ಕೇಳಿಕೊಂಡು ಮಾಡಿ.

ಗಾಳಿಪಟ ಅವರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಎಡ್ ವಿಟ್ಲಾಕ್ ಹೆಸರು ಕೇಳಿರಬೇಕು. 2003ರಲ್ಲಿ, 72ನೇ ವಯಸ್ಸಿಗೆ, ಮ್ಯಾರಥಾನನ್ನು ಮೂರು ಗಂಟೆಯ ಒಳಗೆ ಓಡಿದರು, ಎಪ್ಪತ್ತು ದಾಟಿದವರಲ್ಲಿ ಮೊದಲಿಗರು. ಮರುವರ್ಷ 2:54:48. 85ನೇ ವಯಸ್ಸಿನಲ್ಲಿ 3:56:34. ಗಾಳಿ ಬೀಸಿದರೆ ಹಾರಿಹೋಗುವಂಥ ಸಣ್ಣ ದೇಹ. ನೂರರ ಹೊತ್ತಿಗೆ ಟೊರೊಂಟೊ ಮ್ಯಾರಥಾನ್ ಮುಗಿಸಿದ ಫೌಜಾ ಸಿಂಗ್ ಕೂಡ ಐವತ್ತು ಚಿಲ್ಲರೆ ಕೆ.ಜಿ. ಆದರೆ ಅವರು ಮುದುಕರಾದ ಮೇಲೆ ಇಳಿಸಿ ಹಗುರವಾದವರಲ್ಲ, ಹಗುರವಾಗಿಯೇ ಮುದುಕರಾದವರು. ವಿಟ್ಲಾಕ್ ಮನೆ ಹತ್ತಿರದ ಸ್ಮಶಾನದಲ್ಲಿ ದಿನಕ್ಕೆ ಎರಡು ಮೂರು ಗಂಟೆ ಸುತ್ತು ಹಾಕುತ್ತಿದ್ದರು. ಅವರ ತೂಕ ನೋಡಿ ಆಸೆಪಡುವವರು ಆ ಗಂಟೆಗಳನ್ನೂ ನೋಡಬೇಕು.

ಬಿಸಿಲುಕುದುರೆ

ಹೆಂಗಸರ ಹೆಸರೂ ಒಂದಿರಲಿ ಸರ್. ಜಪಾನಿನ ಮರಿಕೊ ಯುಗೆಟಾ, ಅರವತ್ತು ದಾಟಿ ಮೂರು ಗಂಟೆಯೊಳಗೆ ಮ್ಯಾರಥಾನ್ ಓಡಿದ ಮೊದಲ ಮಹಿಳೆ. 2021ರಲ್ಲಿ, 62ಕ್ಕೆ, 2:52:13. ಇಪ್ಪತ್ತರ ಹರೆಯದಲ್ಲಿ ಮೂರು ಗಂಟೆ ಮುರಿಯಲಾಗದವರು ಅವರು.

ಮಂಡಿಚಿಪ್ಪು

ಹಳೇಬೂಟು ಅವರೇ, ಇಳಿಸಲೇಬೇಡಿ ಅಂತ ನಾನು ಹೇಳಿದ್ದಲ್ಲ. ಹೊಟ್ಟೆಯ ಕೊಬ್ಬು ಹೋದರೆ ಮಂಡಿಗೂ ಲಾಭ. ಮಂಡಿನೋವಿನ ದಪ್ಪಮೈಯವರ ಮೇಲೆ ಮಾಡಿದ ಅಧ್ಯಯನದಲ್ಲಿ ಒಂದು ಕೆ.ಜಿ. ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ನಾಲ್ಕು ಕೆ.ಜಿ. ಇಳಿದಿತ್ತು. ಅದು ಬರೀ ನಡಿಗೆಗೆ.

ಆದರೆ ನಿಧಾನಕ್ಕೆ. ತಿಂಗಳಿಗೆ ಒಂದು ಕೆ.ಜಿ. ಮುಟ್ಟದಿದ್ದರೂ ಚಿಂತೆ ಇಲ್ಲ. ವಾರಕ್ಕೆ ಎರಡು ದಿನ ಸ್ಕ್ವಾಟ್, ಡೆಡ್‌ಲಿಫ್ಟ್, ಮೀನಖಂಡದ ವ್ಯಾಯಾಮ, ಕೊನೆಯ ಎರಡು ಎತ್ತು ಕಷ್ಟ ಅನ್ನಿಸುವಷ್ಟು ಭಾರ. ತಕ್ಕಡಿಯನ್ನು ದಿನಾ ಹತ್ತಬೇಡಿ. ಸ್ನಾಯುವಿನಲ್ಲಿ ಕೂತ ಒಂದು ಗ್ರಾಂ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆ, ತನ್ನ ಜೊತೆ ಮೂರು ಗ್ರಾಂ ನೀರು ಹಿಡಿದಿಟ್ಟಿರುತ್ತದೆ. ಲಾಂಗ್ ರನ್ ಮುಗಿಸಿದ ಮರುದಿನ ಒಂದೂವರೆ ಕೆ.ಜಿ. ಇಳಿದರೆ ಅದು ಕೊಬ್ಬಲ್ಲ ಮಾರಾಯ್ರೆ, ಖಾಲಿ ಟ್ಯಾಂಕು. ಅದರ ಬದಲು ಟೇಪು ತೆಗೆದುಕೊಂಡು ಸೊಂಟ ಅಳೆಯಿರಿ. ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಟೇಪಿಗೆ ಸ್ನಾಯು ಯಾವುದು ಕೊಬ್ಬು ಯಾವುದು ಅಂತ ತಕ್ಕಡಿಗಿಂತ ಚೆನ್ನಾಗಿ ಗೊತ್ತು.

ಹಳೇಬೂಟು

ಎತ್ತರ 172 ಸೆಂ.ಮೀ. ಸೊಂಟ 95. ಅರ್ಥವಾಯಿತು. ರಾತ್ರಿ ಊಟ ಬಂದ್ ರದ್ದು.

*(ಐದು ತಿಂಗಳ ನಂತರ)*

ಹಳೇಬೂಟು

ಯಾರಾದರೂ ಇನ್ನೂ ಇದ್ದೀರಾ ಇಲ್ಲಿ? ವರದಿ ಒಪ್ಪಿಸಲು ಬಂದೆ.

ತೂಕ 72.5. ಎರಡೂವರೆ ಕೆ.ಜಿ. ಮಾತ್ರ. ನಡುವೆ ಏಳು ವಾರ ತಕ್ಕಡಿ ಅಲ್ಲಾಡಲೇ ಇಲ್ಲ, ಆ ಏಳು ವಾರದಲ್ಲೇ ಸೊಂಟ ಮೂರು ಸೆಂ.ಮೀ. ಇಳಿಯಿತು. ಈಗ 88. ಬುಧವಾರದ ಇಂಟರ್ವಲ್ ಮರಳಿ ಬಂದಿದೆ. ಮೊದಲ ಬುಧವಾರ ಸತ್ತೇ ಹೋದೆ ಅಂದುಕೊಂಡೆ. ಭಾರ ಎತ್ತಲು ಹೋದ ಮೊದಲ ದಿನ ಖಾಲಿ ಸರಳಿನ ಕೆಳಗೇ ಕಾಲು ನಡುಗಿತು, ಪಕ್ಕದಲ್ಲಿದ್ದ ಹುಡುಗಿ ಅದರ ಎರಡರಷ್ಟು ಎತ್ತುತ್ತಿದ್ದಳು.

ಹೋದ ಭಾನುವಾರ 10 ಕಿ.ಮೀ. 51:20.

ಮೇಷ್ಟ್ರೇ, ಎರಡೂವರೆ ಕೆ.ಜಿ.ಗೆ ನಿಮ್ಮ ಸೂತ್ರ ಕೊಡುವುದು ಒಂದು ನಿಮಿಷ ಏಳೆಂಟು ಸೆಕೆಂಡು. ನನಗೆ ಬಂದಿದ್ದು 2:50. ಉಳಿದದ್ದು ಎಲ್ಲಿಂದ?

ಲೆಕ್ಕದಮೇಷ್ಟ್ರು

ಅಭಿನಂದನೆ. ಆದರೆ ಪ್ರಯೋಗ ಕೆಡಿಸಿದಿರಿ! ಇಂಟರ್ವಲ್, ಭಾರ, ತೂಕ, ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದಕ್ಕೆ ಎಷ್ಟು ಅಂಕ ಕೊಡಲಿ? ಬೂಟು?

ಹಳೇಬೂಟು

ಅದೂ ಹೊಸದು. 230 ಗ್ರಾಂ.

ಉಸಿರು

ಹೇಳಿದ್ನಿಲ್ರೀ!

ಗಾಳಿಪಟ

ಸೂಪರ್ ಸರ್. ಮೇಷ್ಟ್ರೇ, ತೂಕಕ್ಕೆ ರಿಯಾಯಿತಿ ಅನ್ನೋ ವಾದ ಅವತ್ತು ಅರ್ಧಕ್ಕೆ ನಿಂತಿತ್ತು. ಲೆಕ್ಕದಲ್ಲಿ ಮಾಡೋಕಾಗತ್ತಾ? ನಾನು ಮತ್ತೆ ತೊಂಬತ್ತೆರಡು, ಯಾರು ಚೆನ್ನಾಗಿ ಓಡ್ತಾರೆ?

ಲೆಕ್ಕದಮೇಷ್ಟ್ರು

ಆಗುತ್ತದೆ. ವಾಂಡರ್ಬರ್ಗ್ ಎಂಬ ಪ್ರಾಧ್ಯಾಪಕರು 5 ಕಿ.ಮೀ.ಗೆ ವಯಸ್ಸು ತೂಕ ಎರಡನ್ನೂ ಸರಿದೂಗಿಸುವ ಮಾದರಿಯನ್ನೇ ಮಾಡಿದ್ದಾರೆ. ತೂಕದ ಭಾಗಕ್ಕೆ ತರ್ಕ ಹೀಗೆ: ಒಂದೇ ಆಕಾರದ ಎರಡು ದೇಹಗಳಲ್ಲಿ ಆಮ್ಲಜನಕ ಬಳಸುವ ಶಕ್ತಿ ತೂಕದ ಮೂರನೇ ಎರಡು ಘಾತದಂತೆ ಏರುತ್ತದೆ, ಹೊರಬೇಕಾದ ಭಾರ ಪೂರ್ತಿ ತೂಕದಂತೆ. ಕಳೆದು ಉಳಿಯುವುದು ಮೂರನೇ ಒಂದು ಘಾತ. ಸಮಯ ತೂಕದ ಘನಮೂಲದಂತೆ ಏರುತ್ತದೆ. 92ನ್ನು 57ರಿಂದ ಭಾಗಿಸಿ ಘನಮೂಲ ತೆಗೆದರೆ 1.17. ಗಾಳಿಪಟದ 19:30 ತೊಂಬತ್ತೆರಡರ ಮೈಯಲ್ಲಿ 22:52 ಆಗುತ್ತದೆ. ತೊಂಬತ್ತೆರಡು ಅವರೇ, ನಿಮ್ಮ 5 ಕಿ.ಮೀ. ಎಷ್ಟು?

ಒಂದು ಎಚ್ಚರಿಕೆ. ಈ ತರ್ಕ ದೊಡ್ಡ ಮೈಗೆ ಅನ್ವಯಿಸುತ್ತದೆ, ಮೈಮೇಲೆ ಬಂದ ಹೊಟ್ಟೆಗಲ್ಲ. ಕೊಬ್ಬು ಆಮ್ಲಜನಕ ಬಳಸಿ ಓಡಿಸುವುದಿಲ್ಲ, ಕೂತು ಸವಾರಿ ಮಾಡುತ್ತದೆ. ನಿಮ್ಮ 92ರಲ್ಲಿ ಎಷ್ಟು ಕುದುರೆ, ಎಷ್ಟು ಸವಾರ ಎಂದು ನಿಮಗೇ ಗೊತ್ತು.

ತೊಂಬತ್ತೆರಡು

27:30. ಸೋತೆ ಬಿಡಿ. ಆದ್ರೆ ಅವನಿಗೆ 27, ನನಗೆ 47. ವಯಸ್ಸಿನ ರಿಯಾಯಿತಿ ಹಾಕೇ ಇಲ್ವಲ್ಲ ಮೇಷ್ಟ್ರೇ?

ಲೆಕ್ಕದಮೇಷ್ಟ್ರು

ಅದನ್ನೂ ಹಾಕಿದೆ. ಗಾಳಿಪಟ ಆಗಲೂ ಮುಂದೆ, ಎರಡು ನಿಮಿಷಕ್ಕೂ ಹೆಚ್ಚು.

ತೊಂಬತ್ತೆರಡು

ಬಿಸಿಲಲ್ಲಿ ಓಡಿದ್ದು ಅದು.